ವಿಹಾರಯಾತ್ರೆಯೂ ದಿಗ್ವ್ರತವೂ

ಶ್ರಾವಕರ ದ್ವಾದಶ ವ್ರತಗಳಲ್ಲಿ ಅಣುವ್ರತಗಳೈದನ್ನು ಎಲ್ಲರೂ ಬಲ್ಲರು. ಪ್ರೋಷಧೋಪವಾಸವನ್ನು ಅಷ್ಟಮಿ ಚತುರ್ದಶಿಗಳು ತಾವಾಗಿಯೇ ನೆನಪಿಗೆ ತರುತ್ತವೆ. ಮುನಿಸಂಘವು ಊರಿಗೆ ಬಂದಾಗ ಅತಿಥಿಸಂವಿಭಾಗವು ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ದಿಗ್ವ್ರತದ ಪಾಡು ಹೀಗಲ್ಲ. ಅದನ್ನು ಪಾಠದಲ್ಲಿ ಹೇಳುತ್ತೇವೆ, ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ, ಮುಂದಿನ ವ್ರತದ ಹೆಸರಿಗೆ ಹೋಗುತ್ತೇವೆ. ನೋಂಪಿಗಳನ್ನು ಶ್ರದ್ಧೆಯಿಂದ ನಡೆಸುವ ಮನೆಗಳಲ್ಲಿಯೂ “ನಿಮ್ಮ ದಿಗ್ವ್ರತದ ಎಲ್ಲೆ ಯಾವುದು?” ಎಂದು ಕೇಳಿದರೆ ಉತ್ತರ ದೊರೆಯುವುದು ವಿರಳ.

ಹತ್ತು ದಿಕ್ಕುಗಳಿಗೂ ಎಲ್ಲೆಯನ್ನು ಗೊತ್ತುಮಾಡಿಕೊಂಡು, ಬದುಕಿರುವವರೆಗೆ ಅದರಾಚೆಗೆ ಹೋಗುವುದಿಲ್ಲವೆಂಬ ಸಂಕಲ್ಪವೇ ದಿಗ್ವ್ರತ. ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನಗಳ ಲೆಕ್ಕ, ಇವುಗಳಲ್ಲಿ ಯಾವುದನ್ನಾದರೂ ಎಲ್ಲೆಯಾಗಿ ಇಟ್ಟುಕೊಳ್ಳಬಹುದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಆ ದೊಡ್ಡ ಎಲ್ಲೆಯ ಒಳಗೆ ಮತ್ತೆ ಒಂದು ಮನೆ, ಒಂದು ಗ್ರಾಮ, ಒಂದು ಹೊಲದವರೆಗೆ ಎಂದು, ಒಂದು ಪಕ್ಷ, ಒಂದು ಮಾಸ, ನಾಲ್ಕು ಮಾಸ ಎಂಬ ಅವಧಿಯನ್ನೂ ನಿಯಮಿಸಿ ಕಿರಿದುಗೊಳಿಸಿಕೊಳ್ಳುವುದು ದೇಶವ್ರತ. ತತ್ತ್ವಾರ್ಥಸೂತ್ರವು ಇದನ್ನು ದಿಗ್ವ್ರತದ ಪಕ್ಕದಲ್ಲಿಯೇ ಇಡುತ್ತದೆ. ಸಮಂತಭದ್ರರು ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳ ಮೊದಲಿಗೆ ಇಡುತ್ತಾರೆ. ಎಣಿಕೆಯ ಈ ಭೇದದಿಂದ ಆಚರಣೆಗೆ ಬಾಧೆಯಿಲ್ಲ. ಇನ್ನು ಮೂರನೆಯದು ಅನರ್ಥದಂಡವ್ರತ: ಪ್ರಯೋಜನವಿಲ್ಲದೆ ಮಾಡುವ ಪಾಪದಿಂದ ಹಿಂಜರಿಯುವುದು. ಇದರ ಭೇದಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಆಚಾರ್ಯರು ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಮುರಿಯುವುದು ಇವುಗಳ ಸಾಲಿನಲ್ಲಿಯೇ ಎರಡು ಪುಟ್ಟ ಶಬ್ದಗಳನ್ನು ಸೇರಿಸಿದ್ದಾರೆ: ಸರಣ, ಸಾರಣ. ವ್ಯರ್ಥವಾಗಿ ತಾನು ಅಲೆಯುವುದು ಸರಣ. ಇತರರನ್ನು ಅಲೆಯಿಸುವುದು ಸಾರಣ.

ಶನಿವಾರ ಭಾನುವಾರಗಳ ಜೊತೆಗೆ ಒಂದು ರಜೆ ಕೂಡಿಬಂದರೆ ಊರಿಗೆ ಊರೇ ಹೆದ್ದಾರಿಯ ಮೇಲಿರುವ ಈ ಕಾಲದಲ್ಲಿ ಆ ಎರಡು ಶಬ್ದಗಳು ಶ್ರಾವಕನನ್ನು ಏನು ಕೇಳುತ್ತವೆ ಎಂಬುದೇ ಇಲ್ಲಿಯ ವಿಚಾರ. ಊರು ನೋಡುವುದು ಪಾಪವೇ? ನೋಡಿ ಬಂದವನು ಅದನ್ನು ನೆನೆದು ಸಂತೋಷಪಡುವುದು ದೋಷವೇ? ಇಷ್ಟು ಸರಳವಾಗಿ ಕೇಳಿದರೆ ಇಲ್ಲವೆಂದೇ ಹೇಳಬೇಕಾಗುತ್ತದೆ. ಆದರೆ ಪ್ರಶ್ನೆ ಅಷ್ಟು ಸರಳವಲ್ಲ.

ಹೊನ್ನವಳ್ಳಿಯ ಹೋಬಳಿಯಲ್ಲಿ ತೋಟವುಳ್ಳ ಶ್ರಾವಕ ಕುಟುಂಬವೊಂದನ್ನು ದೃಷ್ಟಾಂತವಾಗಿ ಕಲ್ಪಿಸಿಕೊಳ್ಳಬಹುದು. ಹೆಸರು ಅನಾವಶ್ಯಕ. ಹೊನ್ನವಳ್ಳಿ ಒಂದು ಕಾಲಕ್ಕೆ ತಾಲ್ಲೂಕಿನ ಮುಖ್ಯಸ್ಥಳವಾಗಿದ್ದ ಊರು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಸ್ಥಾನ ತಿಪಟೂರಿಗೆ ಹೋಯಿತು. ಇಲ್ಲಿಯ ಗಂಗಾಪಾಣಿ ಎಂಬ ಎಳನೀರಿನ ತಳಿಗೆ ಹಿಂದಿನಿಂದಲೂ ಹೆಸರಿದೆ. ಆದರೆ ಸೀಮೆಯ ಜೀವನ ನಿಂತಿರುವುದು ಎಳನೀರಿನ ಮೇಲಲ್ಲ, ಉಂಡೆ ಕೊಬ್ಬರಿಯ ಮೇಲೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು, ಕೆಲವರು ವರುಷವೇ, ಅಲುಗಿಸದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಕಿವಿಯ ಬಳಿ ಅಲ್ಲಾಡಿಸಿದರೆ ಸದ್ದು ಮಾಡಿದಾಗ ಕೊಬ್ಬರಿಯಾಯಿತೆಂದು ಅರ್ಥ. ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾಗುವ ಈ ಕೊಬ್ಬರಿ ಉತ್ತರ ಹಿಂದೂಸ್ಥಾನದ ಪಟ್ಟಣಗಳಿಗೆ ಹೋಗುತ್ತದೆ. ಅಲ್ಲಿ ಮದುವೆ ಮುಂಜಿಗಳಲ್ಲಿ, ಒಣಹಣ್ಣುಗಳ ಅಂಗಡಿಗಳಲ್ಲಿ ಅದಕ್ಕೆ ಮರ್ಯಾದೆ. ಬೆಳೆದವನು ಹೋಗದ ಊರಿಗೆ ಬೆಳೆ ಹೋಗುತ್ತದೆ.

ಈ ಕುಟುಂಬದ ಅಜ್ಜ ತಮ್ಮ ಜೀವಿತದಲ್ಲಿ ಅರಸೀಕೆರೆಯನ್ನೂ ತುಮಕೂರನ್ನೂ ಶ್ರವಣಬೆಳಗೊಳವನ್ನೂ ದಾಟಿ ಹೋದವರಲ್ಲ. ಇಂತಹವರನ್ನು ನೆನೆದು “ಹಿರಿಯರು ಎಷ್ಟು ಸಂಯಮಿಗಳಾಗಿದ್ದರು” ಎಂದು ಹೇಳುವ ವಾಡಿಕೆಯುಂಟು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅವರ ಎಲ್ಲೆಯನ್ನು ಹಾಕಿದ್ದು ಎತ್ತಿನ ಬಂಡಿ, ಅವರ ಸಂಕಲ್ಪವಲ್ಲ. ಕೈಗೆ ಸಿಗದ ವಸ್ತುವನ್ನು ಬಿಟ್ಟವನು ತ್ಯಾಗಿಯಾಗುವುದಿಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ದಿಗ್ವ್ರತದ ಫಲವನ್ನು ಹೇಳುವಾಗ, ಎಲ್ಲೆಯಾಚೆ ಲಾಭವಿದ್ದಾಗ್ಯೂ ಪರಿಣಾಮವು ಅತ್ತ ಹರಿಯದೆ ನಿಂತು ಲೋಭವು ನಿರಸನವಾಗುತ್ತದೆಂದು ಸೂಚಿಸುತ್ತಾರೆ. ಲಾಭ ಇರಬೇಕು, ಹೋಗಲು ಸಾಧ್ಯವಿರಬೇಕು, ಆದರೂ ಮನಸ್ಸು ನಿಲ್ಲಬೇಕು. ಹೀಗೆ ನೋಡಿದರೆ ಹಿಂದೆ ದಿಗ್ವ್ರತವು ಕಡಲ ವ್ಯಾಪಾರಿಗೂ ಸಾರ್ಥವಾಹನಿಗೂ ಮಾತ್ರ ನಿಜವಾದ ಪರೀಕ್ಷೆಯಾಗಿದ್ದಿರಬೇಕು. ಸಾಮಾನ್ಯ ತೋಟಗಾರನ ಮನೆಗೆ ಅದು ಬಂದದ್ದು ಬಸ್ಸೂ ರೈಲೂ ವಿಮಾನವೂ ಬಂದ ಮೇಲೆಯೇ. ಕಾಲ ಕೆಟ್ಟು ವ್ರತ ಹೋಯಿತು ಎಂಬ ಮಾತು ಈ ಒಂದು ವ್ರತದ ಮಟ್ಟಿಗೆ ತಲೆಕೆಳಗಾದುದು.

ಅಜ್ಜನ ಮೊಮ್ಮಗ ಈಗ ಮನೆಯ ಯಜಮಾನ. ವರುಷಕ್ಕೆ ಎರಡು ಬಾರಿ ಕುಟುಂಬದೊಡನೆ ಊರು ನೋಡಲು ಹೋಗುವುದು ಇವರ ರೂಢಿ. ಹೋದಲ್ಲೆಲ್ಲ ಕಂಡುದನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುವುದು ಇನ್ನೂ ಒಳ್ಳೆಯ ರೂಢಿ. ಮೈಸೂರು, ಉದಕಮಂಡಲ, ಹಂಪೆ, ಹಳೇಬೀಡು, ಮುಂಬಯಿ, ಜಯಪುರ, ಹೀಗೆ ಪುಟಗಳು ತುಂಬಿವೆ. ಇಂತಹ ಪುಸ್ತಕವನ್ನು ಪಕ್ಷಪಾತವಿಲ್ಲದೆ ಓದಿದರೆ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಬಗ್ಗೆ ಎರಡು ಸಾಲು: ಕಂಬಗಳು ಕನ್ನಡಿಯಂತಿವೆ, ಮಕ್ಕಳು ಮುಖ ನೋಡಿಕೊಂಡರು. ಆ ಬಸದಿಯನ್ನು 1133ರಲ್ಲಿ ಬೊಪ್ಪದೇವನು ತನ್ನ ತಂದೆ ಗಂಗರಾಜನ ನೆನಪಿಗಾಗಿ ಕಟ್ಟಿಸಿದನೆಂಬುದು ಬಂದಿಲ್ಲ. ಅಂದು ರಾತ್ರಿ ತಂಗಿದ ಹೋಟೆಲಿನ ಬಗ್ಗೆ ಅರ್ಧ ಪುಟವಿದೆ. ಹಂಪೆಯಲ್ಲಿ ಕಲ್ಲಿನ ರಥ, ವಿರೂಪಾಕ್ಷನ ಗುಡಿ, ತುಂಗಭದ್ರೆಯ ದೋಣಿ ಇವೆ. ಕಮಲಾಪುರದ ದಾರಿಯಲ್ಲಿ ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಗಾಣಗಿತ್ತಿ ಬಸದಿ ಇಲ್ಲ. ಜಯಪುರದ ಹವಾಮಹಲು ಇದೆ. ಹತ್ತಿರದ ಸಾಂಗಾನೇರಿನ ದಿಗಂಬರ ಜಿನಾಲಯ ಇಲ್ಲ. ಇಷ್ಟು ದೂರ ಹೋದವರು ತಮ್ಮದೇ ಜಿಲ್ಲೆಯಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೆಗ್ಗೆರೆಯಲ್ಲಿ, 12ನೆಯ ಶತಮಾನದ ಕರಿಕಲ್ಲಿನ ಪಾರ್ಶ್ವನಾಥ ಬಸದಿ ನಿಂತಿರುವುದನ್ನು ನೋಡಿಲ್ಲ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಶಾಂತಿನಾಥ ಬಸದಿಯನ್ನೂ ನೋಡಿಲ್ಲ. ಅರಸೀಕೆರೆಯಲ್ಲಿ ರೈಲು ಬದಲಿಸುವಾಗ ಎಷ್ಟೋ ಗಂಟೆ ಕಳೆದಿದ್ದಾರೆ. 1220ರಲ್ಲಿ ರೇಚರಸನು ಮಾಡಿಸಿದ ಸಹಸ್ರಕೂಟ ಜಿನಾಲಯವು ಅದೇ ಊರಿನಲ್ಲಿದೆ ಎಂಬುದು ಪುಸ್ತಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಇವೆಲ್ಲ ಅಜ್ಞಾನದ ದೋಷಗಳು, ತಿಳಿಸಿದರೆ ತಿದ್ದಿಕೊಳ್ಳಬಹುದಾದವು. ಬಸದಿಗಳನ್ನು ಪಟ್ಟಿಗೆ ಸೇರಿಸಿಕೊಂಡ ಮಾತ್ರಕ್ಕೆ ಪುಸ್ತಕ ಪವಿತ್ರವಾಗುವುದೂ ಇಲ್ಲ. ಹೆಚ್ಚು ಯೋಚಿಸತಕ್ಕದ್ದು ಬರವಣಿಗೆಯ ಧಾಟಿ. ಈ ಊರು ಚೆನ್ನಾಗಿದೆ, ಆ ಊರು ಕೊಳಕು, ಇಲ್ಲಿ ಅಗ್ಗ, ಅಲ್ಲಿ ಮೋಸ, ಆ ಜನರು ಒರಟರು. ಪುಟ ಪುಟದಲ್ಲಿಯೂ ತೀರ್ಪು. ಮೂರು ಗಂಟೆ ಇದ್ದ ಊರಿನ ಮೇಲೆಯೂ ತೀರ್ಪು. ರಾಗದ್ವೇಷಗಳೆಂದು ಪ್ರತಿಕ್ರಮಣದಲ್ಲಿ ಹೇಳುವ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಮನೆಯಲ್ಲಿದ್ದಾಗ ನಾಲ್ಕು ಜನರ ಮೇಲೆ ಹರಿಯುತ್ತಿದ್ದ ರಾಗದ್ವೇಷವು ಪ್ರವಾಸದಲ್ಲಿ ನಾಲ್ಕು ಪಟ್ಟಣಗಳ ಮೇಲೆ ಹರಿಯಿತು. ಎಲ್ಲೆಯ ಹೊರಗೆ ಅಣುವ್ರತಿಯ ಸೂಕ್ಷ್ಮಪಾಪವೂ ನಿಂತುಹೋಗುವುದರಿಂದ ಅಲ್ಲಿಯ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತದ ಪರಿಣತಿಯನ್ನು ಪಡೆಯುತ್ತವೆಂದು ಸಮಂತಭದ್ರರು ಹೇಳಿದ್ದು ಗಮನಾರ್ಹ. ಹೋಗದ ಊರಿನ ಜೀವರಾಶಿಗೆ ಅವನಿಂದ ಅಭಯ. ತೀರ್ಪಿಗೆ ಒಳಗಾಗದ ಊರಿಗೂ ಅಷ್ಟರಮಟ್ಟಿಗೆ ಅಭಯವೇ.

ಇನ್ನು ಆಹಾರದ ವಿಷಯ. ಹೊನ್ನವಳ್ಳಿಯ ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುತ್ತದೆ. ನೀರನ್ನು ಸೋಸಿ ಕುಡಿಯುತ್ತಾರೆ. ಕಂದಮೂಲಗಳು ಒಳಗೆ ಬರುವುದಿಲ್ಲ. ಪ್ರವಾಸದ ಮೊದಲ ದಿನ ಬುತ್ತಿ ಇರುತ್ತದೆ. ಎರಡನೆಯ ದಿನ ಬಸ್ಸು ತಡವಾಯಿತೆಂದು ರಾತ್ರಿ ಒಂಬತ್ತಕ್ಕೆ ಊಟ. ಮೂರನೆಯ ದಿನ ಪಲ್ಯದಲ್ಲಿ ಆಲೂಗಡ್ಡೆ ಇದೆಯೇ ಎಂದು ಕೇಳುವುದೇ ನಿಂತುಹೋಗುತ್ತದೆ. ಊರಿಗೆ ಮರಳಿದ ದಿನ ಎಲ್ಲವೂ ಮತ್ತೆ ಮೊದಲಿನಂತೆ. ಇದರಿಂದ ತಿಳಿಯುವುದೇನು? ನಿಯಮವಿದ್ದದ್ದು ಅಡುಗೆಮನೆಗೆ, ಮನೆಯ ಜನರಿಗಲ್ಲ. ಹೆಚ್ಚಿನ ಮನೆಗಳಲ್ಲಿ ಅದನ್ನು ಹೊತ್ತವಳು ಮನೆಯಾಕೆ ಒಬ್ಬಳೇ. ಅವಳ ಒಲೆ ಇಲ್ಲದ ಕಡೆ ಉಳಿದವರ ನಿಯಮವೂ ಇಲ್ಲ. ಪ್ರವಾಸವು ವ್ರತವನ್ನು ಕೆಡಿಸಿತೆಂದು ಹೇಳುವುದಕ್ಕಿಂತ, ಕೆಡುವಷ್ಟು ವ್ರತ ಯಾರಲ್ಲಿತ್ತು ಎಂಬುದನ್ನು ಪ್ರವಾಸವು ತೋರಿಸಿಕೊಟ್ಟಿತೆಂದು ಹೇಳುವುದು ನ್ಯಾಯ. ಈ ದೃಷ್ಟಿಯಿಂದ ಅದರಿಂದ ಒಂದು ಉಪಕಾರವೂ ಆಯಿತು.

ಇಷ್ಟು ಹೇಳಿದುದರಿಂದ ಸಂಚಾರವೇ ಸಲ್ಲದೆಂದು ವಾಚಕರು ತಿಳಿಯಬಾರದು. ಜಿನಧರ್ಮವು ಕಾಲ್ನಡಿಗೆಯಿಂದ ಹರಡಿದ ಧರ್ಮ. ದಿಗಂಬರ ಮುನಿಗಳಿಗೆ ನೆಲೆಯಾದ ಊರೇ ಇಲ್ಲ. ಚಾತುರ್ಮಾಸದ ನಾಲ್ಕು ತಿಂಗಳನ್ನು ಬಿಟ್ಟರೆ ಅವರದು ನಿತ್ಯ ವಿಹಾರ. ಶ್ರುತಕೇವಲಿ ಭದ್ರಬಾಹುಗಳು ಸಂಘದೊಡನೆ ಉತ್ತರದಿಂದ ದಕ್ಷಿಣಕ್ಕೆ ಬಂದರೆಂಬ ಪರಂಪರೆ ಇಲ್ಲದಿದ್ದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರೇ ಇರುತ್ತಿರಲಿಲ್ಲ. ‘ವಿಹಾರ’ವೆಂಬ ಒಂದೇ ಶಬ್ದವನ್ನು ಕನ್ನಡಿಗರು ಮುನಿಗಳ ಸಂಚಾರಕ್ಕೂ ಉದ್ಯಾನದಲ್ಲಿ ಕಾಲ ಕಳೆಯುವುದಕ್ಕೂ ಬಳಸುತ್ತೇವೆ. ಮುನಿಗಳು ನಾಲ್ಕು ಮೊಳದ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವರು. ಅವರು ಹಾದುಹೋದ ಊರುಗಳ ಬಗ್ಗೆ ಅವರ ಬಳಿ ಅಭಿಪ್ರಾಯಗಳ ಪುಸ್ತಕವಿರುವುದಿಲ್ಲ. ಭೇದವಿರುವುದು ದೂರದಲ್ಲಲ್ಲ. ಹೊನ್ನವಳ್ಳಿಯ ಗೃಹಸ್ಥನು ಕಾರಿನಲ್ಲಿ ಒಂದು ವಾರ ಸುತ್ತುವಷ್ಟು ನೆಲವನ್ನು ಮುನಿಗಳು ಕೆಲವು ವರುಷಗಳಲ್ಲಿ ನಡೆದೇ ಮುಗಿಸಿರುತ್ತಾರೆ.

ಮತ್ತೊಂದು ಎಚ್ಚರಿಕೆಯೂ ಅವಶ್ಯ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣಿಸುವ ಅವಕಾಶವಾಯಿತು. ತವರಿನ ಹಾದಿಯನ್ನೂ ತಾಲ್ಲೂಕಿನ ಆಸ್ಪತ್ರೆಯನ್ನೂ ಬಿಟ್ಟರೆ ಬೇರೆ ಊರನ್ನೇ ನೋಡದಿದ್ದ ಎಷ್ಟೋ ಮಂದಿ ಅಕ್ಕಂದಿರು ತಮ್ಮಷ್ಟಕ್ಕೆ ತಾವು ಗುಂಪು ಕಟ್ಟಿಕೊಂಡು ಧರ್ಮಸ್ಥಳ, ಶ್ರವಣಬೆಳಗೊಳಗಳಿಗೆ ಹೋಗಿಬಂದರು. ಅದನ್ನು ಕಂಡು ಹಾಸ್ಯ ಮಾಡಿದ ಗಂಡಸರೂ ಇದ್ದರು. ಕೊಬ್ಬರಿಯ ವ್ಯಾಪಾರಕ್ಕೆಂದು ದೆಹಲಿಗೆ ಹೋಗಿ ಆಗ್ರಾವನ್ನೂ ನೋಡಿಕೊಂಡು ಬಂದವನು, ಹೆಂಡತಿ ಮೂಡಬಿದಿರೆಗೆ ಹೋಗುವೆನೆಂದಾಗ ಸರಣವೆಂಬ ಶಾಸ್ತ್ರವಚನವನ್ನು ಎತ್ತಿದರೆ ಅದು ವ್ರತದ ಮಾತಾಗುವುದಿಲ್ಲ. ಎಲ್ಲೆಯನ್ನು ತನಗೆ ತಾನೇ ಹಾಕಿಕೊಂಡರೆ ವ್ರತ. ಇನ್ನೊಬ್ಬರಿಗೆ ಹಾಕಿದರೆ ಬೇಲಿ. ತಲೆಮಾರುಗಳಿಂದ ಬೇಲಿಯೊಳಗಿದ್ದವಳಿಗೆ ಮೊದಲು ಬೇಲಿ ತೆಗೆಯಬೇಕು. ಎಲ್ಲೆಯ ಯೋಚನೆ ಅವಳಿಗೆ ಬಂದರೆ ಆಮೇಲೆ ಬರಲಿ.

ಹಾಗಾದರೆ ಪ್ರಯೋಜನವೆಂದರೆ ಯಾವುದು? ವ್ಯಾಪಾರ, ವಿದ್ಯೆ, ಚಿಕಿತ್ಸೆ, ಬಂಧುಗಳ ಭೇಟಿ, ತೀರ್ಥವಂದನೆ, ಇವುಗಳ ಬಗ್ಗೆ ಸಂದೇಹವಿಲ್ಲ. ವಿಶ್ರಾಂತಿಯೂ ಪ್ರಯೋಜನವೇ ಎಂದು ಒಪ್ಪಬೇಕಾಗುತ್ತದೆ. ಮಗನನ್ನು ಕಳೆದುಕೊಂಡ ತಾಯಿಯನ್ನು ಹತ್ತು ದಿನ ಬೇರೆ ಊರಿಗೆ ಕರೆದೊಯ್ಯುವುದು, ವರುಷವೆಲ್ಲ ಮಟ್ಟೆ ಸುಲಿದು ಬೆನ್ನು ಬಾಗಿದವನು ನಾಲ್ಕು ದಿನ ಕಡಲನ್ನು ನೋಡುತ್ತ ಕುಳಿತಿರುವುದು, ಇವುಗಳನ್ನು ಅನರ್ಥವೆನ್ನುವವನ ಎದೆಯಲ್ಲಿ ದಯೆಯಿಲ್ಲ. ಆದರೆ ನಮ್ಮ ಬಹುಪಾಲು ವಿಹಾರಯಾತ್ರೆಗಳು ವಿಶ್ರಾಂತಿಗಾಗಿ ಆಗುವುದಿಲ್ಲವೆಂಬುದಕ್ಕೆ, ಮರಳಿ ಬಂದವರು ಹೋದಾಗಲಿಗಿಂತ ಹೆಚ್ಚು ದಣಿದಿರುವುದೇ ಸಾಕ್ಷಿ. ಮೂರು ದಿನಗಳಲ್ಲಿ ಒಂಬತ್ತು ಸ್ಥಳ. ಪ್ರತಿ ಸ್ಥಳದಲ್ಲಿ ಮೊದಲು ಭಾವಚಿತ್ರ, ಬಳಿಕ ತಿಂಡಿ, ಸಮಯ ಉಳಿದರೆ ನೋಟ. ಪಕ್ಕದ ಮನೆಯವರು ಹೋದರೆಂದು ಹೋಗುವುದೂ ಉಂಟು. ಅದರಲ್ಲಿ ಸಾರಣದ ಪಾಲನ್ನು ಮರೆಯಬಾರದು: ಎರಡು ರಾತ್ರಿ ನಿದ್ದೆಯಿಲ್ಲದೆ ಗಾಡಿ ಓಡಿಸಿದ ಚಾಲಕ, ನಡುರಾತ್ರಿ ಬಾಗಿಲು ತಟ್ಟಿ ಎಬ್ಬಿಸಲ್ಪಟ್ಟ ಧರ್ಮಶಾಲೆಯ ಕಾವಲುಗಾರ, ಬಿಸಿಲಿನಲ್ಲಿ ಬೆಟ್ಟಕ್ಕೆ ಡೋಲಿ ಹೊತ್ತವರು. ತನ್ನ ಕಾಲಿನ ಲೆಕ್ಕವನ್ನಿಡುವ ಶ್ರಾವಕನು ಇವರ ಕಾಲಿನ ಲೆಕ್ಕವನ್ನೂ ಇಡಬೇಕೆಂಬುದು ಆಚಾರ್ಯರ ಆ ಎರಡನೆಯ ಶಬ್ದದ ಅಭಿಪ್ರಾಯವೆಂದು ತೋರುತ್ತದೆ.

ತೀರ್ಥಯಾತ್ರೆಯ ಹೆಸರಿನಿಂದ ಈ ದೋಷ ಅಳಿಯುತ್ತದೆಯೇ? ಇದನ್ನು ಕೇಳಿಕೊಳ್ಳುವಂತೆ ಮಾಡಿದ ಸಂದರ್ಭವೊಂದು ಸಮಾಜಕ್ಕೆ ಇತ್ತೀಚೆಗೆ ಒದಗಿತು. 20 ಮಂದಿ ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದಶಿಖರಜಿಯ ಸುತ್ತಲಿನ ಪ್ರದೇಶವನ್ನು ಕೇಂದ್ರ ಸರ್ಕಾರವು 2019ರ ಆಗಸ್ಟ್ ತಿಂಗಳಲ್ಲಿ ಪರಿಸರಸೂಕ್ಷ್ಮ ವಲಯವೆಂದು ಪ್ರಕಟಿಸಿತು. ಅದರಲ್ಲಿ ಪರಿಸರ ಪ್ರವಾಸೋದ್ಯಮಕ್ಕೂ ಎಡೆಯಿತ್ತು. ಬೆಟ್ಟವು ವಿನೋದದ ತಾಣವಾಗಿ ಮದ್ಯಮಾಂಸಗಳು ಮೇಲೇರುವುವೆಂಬ ಆತಂಕದಿಂದ 2022ರ ಡಿಸೆಂಬರಿನಲ್ಲಿ ದೇಶದ ನಾನಾ ನಗರಗಳಲ್ಲಿ ಜೈನರು ಬೀದಿಗಿಳಿದರು. ಜಯಪುರದಲ್ಲಿ ಇದೇ ಕಾರಣಕ್ಕೆ ಉಪವಾಸ ಕೈಗೊಂಡಿದ್ದ ಮುನಿ ಸುಜ್ಞೇಯಸಾಗರರು 2023ರ ಜನವರಿ 3ರಂದು ದೇಹತ್ಯಾಗ ಮಾಡಿದರು. ಜನವರಿ 5ರಂದು ಕೇಂದ್ರ ಸರ್ಕಾರವು ಅಲ್ಲಿಯ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ಹಾಕಿತು. ಆ ಬೆಟ್ಟವು ಸಂತಾಲ ಜನರಿಗೂ ಮರಾಂಗ್ ಬುರು ಎಂಬ ಪೂಜ್ಯಸ್ಥಾನವಾಗಿರುವುದರಿಂದ ಅವರ ಮಾತೂ ಬೇರೆಯಾಗಿ ಕೇಳಿಬಂತು, ಕೇಳಬೇಕಾದದ್ದೇ. ತೀರ್ಥವು ಬೇರೆ, ಪ್ರವಾಸಿತಾಣವು ಬೇರೆ ಎಂದು ಸಮಾಜವು ಒಕ್ಕೊರಲಿನಿಂದ ಸರ್ಕಾರಕ್ಕೆ ಹೇಳಿತು. ಹೇಳಿದ್ದು ಸರಿ.

ಆದರೆ ಆ ಮಾತು ಹೇಳಿದವರ ಮೇಲೂ ಒಂದು ಹೊರೆಯನ್ನು ಇಟ್ಟಿತು. ನಮ್ಮದೇ ವಾಹನಗಳು ಶ್ರವಣಬೆಳಗೊಳಕ್ಕೆ, ಕಾರ್ಕಳಕ್ಕೆ, ವೇಣೂರಿಗೆ ಹೇಗೆ ಬಂದು ನಿಲ್ಲುತ್ತವೆ? ದಾರಿಯುದ್ದಕ್ಕೂ ಚಲನಚಿತ್ರದ ಹಾಡು, ಬೆಟ್ಟದ ಬುಡದಲ್ಲಿ ಪಾದರಕ್ಷೆಯನ್ನು ಬಿಟ್ಟ ಕ್ಷಣ ಣಮೋಕಾರ, ಇಳಿದು ಬಂದ ಕೂಡಲೇ ಮತ್ತೆ ಹಾಡು. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಎಷ್ಟು ನಿಮಿಷಗಳಲ್ಲಿ ಹತ್ತಿದೆವೆಂಬ ಪಂಥ. ಸುಮಾರು 981ರಿಂದ ಒಂದೇ ಕಡೆ ನಿಂತಿರುವ 58 ಅಡಿಯ ಆ ಮೂರ್ತಿಯ ಮುಂದೆ ಹತ್ತು ನಿಮಿಷ ನಿಲ್ಲಲು ಪುರಸೊತ್ತಿಲ್ಲ; ಏಕೆಂದರೆ ಸಂಜೆಯೊಳಗೆ ಬೇಲೂರನ್ನೂ ಮುಗಿಸಬೇಕು. ‘ಮುಗಿಸುವುದು’ ಎಂಬ ಕ್ರಿಯಾಪದವೇ ಇಲ್ಲಿ ಎಲ್ಲವನ್ನೂ ಹೇಳುತ್ತದೆ.

ಬೆಳಗೊಳದ ಶಾಸನಗಳಲ್ಲಿ ದಾನದತ್ತಿಗಳನ್ನೂ ಸಲ್ಲೇಖನವನ್ನೂ ಹೇಳುವವಲ್ಲದೆ, ಬಂದುಹೋದ ಯಾತ್ರಿಕರ ಬರಿಯ ಹೆಸರುಗಳೂ ಬಹಳವಿವೆ. ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ನೆಂಬ ಹೆಸರಿದ್ದು ಅದು ರನ್ನನದೇ ಎಂದು ವಿದ್ವಾಂಸರು ಹೇಳುತ್ತಾರೆ. ಬಂದದ್ದಕ್ಕೆ ಗುರುತು ಬಿಡಬೇಕೆಂಬ ಆಸೆ ಇಂದಿನದಲ್ಲ. ಆದಿಪುರಾಣದ ಭರತಚಕ್ರವರ್ತಿಯ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಪಂಪನು 941ರಲ್ಲಿ ಕನ್ನಡಕ್ಕೆ ತಂದ ಕಥೆಯದು. ಷಟ್ಖಂಡವನ್ನೂ ಗೆದ್ದ ಭರತನು ವೃಷಭಾಚಲದ ಮೇಲೆ ತನ್ನ ಹೆಸರನ್ನು ಕೆತ್ತಿಸಬೇಕೆಂದು ಹೋದಾಗ ಆ ಬೆಟ್ಟದ ಮೈಯೆಲ್ಲ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ತುಂಬಿತ್ತು. ಒಂದನ್ನು ಅಳಿಸಿ ತನ್ನದನ್ನು ಬರೆಯಿಸಬೇಕಾಯಿತು. ದಿಗ್ವಿಜಯದ ಕೊನೆಗೆ ದೊರೆತದ್ದು ಇನ್ನೊಬ್ಬನು ಮುಂದೆ ಅಳಿಸಲಿರುವ ಒಂದು ಸಾಲು. ಇತ್ತ ಅವನ ತಮ್ಮ ಬಾಹುಬಲಿಯು ಗೆದ್ದ ನೆಲವನ್ನು ಬಿಟ್ಟು ಒಂದೇ ಸ್ಥಳದಲ್ಲಿ ವರುಷಕಾಲ ನಿಂತನು. ನಮ್ಮ ಪುರಾಣವು ದಿಗ್ವಿಜಯದ ಕಥೆಯನ್ನು ಹೇಳಿದ ರೀತಿಯಲ್ಲಿಯೇ ದಿಗ್ವ್ರತದ ವ್ಯಾಖ್ಯಾನವಿದೆ ಎನ್ನಬಹುದು.

ಹೊನ್ನವಳ್ಳಿಯ ಗೃಹಸ್ಥರ ವಿಷಯಕ್ಕೆ ಬಂದರೆ, ಅವರು 58ನೆಯ ವಯಸ್ಸಿನಲ್ಲಿ ಮುನಿಗಳೊಬ್ಬರ ಸನ್ನಿಧಿಯಲ್ಲಿ ದಿಗ್ವ್ರತವನ್ನು ಸ್ವೀಕರಿಸಿದರೆನ್ನೋಣ. ಆವೇಶದಿಂದ ಪಡೆದದ್ದಲ್ಲ, ಒಂದು ತಿಂಗಳು ಯೋಚಿಸಿದರು. ಪೂರ್ವೋತ್ತರದಲ್ಲಿ ಸಮ್ಮೇದಶಿಖರ, ಪಶ್ಚಿಮೋತ್ತರದಲ್ಲಿ ಗಿರನಾರ, ಕುಂದಕುಂದಾಚಾರ್ಯರ ಪಾದಗಳಿರುವ ಪೊನ್ನೂರು ಬೆಟ್ಟ, ಇವೆಲ್ಲ ಒಳಗೆ ಬರುವಂತೆ ಲೆಕ್ಕ ಹಾಕಿ, ಉಳಿದ ಕಡೆಗಳಲ್ಲಿ ಸಮುದ್ರವನ್ನೇ ಎಲ್ಲೆ ಮಾಡಿಕೊಂಡರು. ಊರ್ಧ್ವ ಅಧೋ ದಿಕ್ಕುಗಳಿಗೂ ಎಲ್ಲೆ ಬೇಕಾದುದರಿಂದ ವಿಮಾನಯಾನವನ್ನು ಬಿಟ್ಟರು. ನೋಡುವುದಕ್ಕೆ ಇದು ವಿಶಾಲವಾದ ಎಲ್ಲೆ. ಇಡೀ ಹಿಂದೂಸ್ಥಾನ ಒಳಗಿದೆ. ಇದರಿಂದೇನು ತ್ಯಾಗವಾಯಿತೆಂದು ನೆಂಟರು ನಕ್ಕರು. ಮುನಿಗಳು ನಗಲಿಲ್ಲ.

ಒಳಗಿನ ಚಿಕ್ಕ ಎಲ್ಲೆಯನ್ನು ಅವರು ಚಾತುರ್ಮಾಸದ ಕಾಲಕ್ಕೆ ಹಾಕಿಕೊಂಡರು: ಆಷಾಢದಿಂದ ಕಾರ್ತಿಕದವರೆಗೆ ಹೋಬಳಿಯ ಗಡಿ, ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ ಮನೆ ಮತ್ತು ತೋಟ. ಇಲ್ಲಿ ಅನಿರೀಕ್ಷಿತವಾದ ಕಷ್ಟ ಬಂದದ್ದು ಕಾಲಿನಿಂದಲ್ಲ, ಜೇಬಿನಲ್ಲಿದ್ದ ದೂರವಾಣಿಯಿಂದ. ತತ್ತ್ವಾರ್ಥಸೂತ್ರವು ದೇಶವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಎಲ್ಲೆಯ ಹೊರಗಿನ ವಸ್ತುವನ್ನು ಒಳಗೆ ತರಿಸಿಕೊಳ್ಳುವುದು ಆನಯನ. ಆಳನ್ನು ಹೊರಗೆ ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿ ಕೂಗಿ ಹೊರಗಿನವರಿಗೆ ಸಂಜ್ಞೆ ಮಾಡುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಕೆಲಸ ನಡೆಸಿಕೊಳ್ಳುವುದು ರೂಪಾನುಪಾತ. ಹೆಂಟೆ ಕಲ್ಲುಗಳನ್ನೆಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ಹಿಂದಿನ ತಲೆಮಾರುಗಳಲ್ಲಿ ಪಾಠಶಾಲೆಯ ಮಕ್ಕಳು ಈ ಪಟ್ಟಿಯನ್ನು ಕೇಳಿ ಮುಸಿಮುಸಿ ನಗುತ್ತಿದ್ದುದುಂಟು. ಬೇಲಿಯ ಒಳಗೆ ನಿಂತು ಕೆಮ್ಮುವ ವ್ರತಿಯ ಚಿತ್ರ ಅವರ ಕಣ್ಣಿಗೆ ಬರುತ್ತಿತ್ತು. ಈಗ ಯಾರೂ ನಗಲಾರರು. ಹೊಲದ ಬದುವಿನಲ್ಲಿ ಕುಳಿತೇ ಬೆಂಗಳೂರಿನಿಂದ ವಸ್ತುವನ್ನು ತರಿಸಬಹುದು, ದೆಹಲಿಯ ವರ್ತಕನೊಡನೆ ಕೊಬ್ಬರಿಯ ಬೆಲೆಯನ್ನು ಮಾತನಾಡಬಹುದು, ಮುಖವನ್ನೂ ತೋರಿಸಬಹುದು. ಕಾಲು ನಿಂತಿತು, ಮನುಷ್ಯ ನಿಲ್ಲಲಿಲ್ಲ. ಹೀಗಾಗುವುದೆಂದು ಬಲ್ಲ ಆಚಾರ್ಯರು ಕಾಲಿಗೆ ಮಾತ್ರ ವ್ರತ ಹಾಕಿ ಸುಮ್ಮನಾಗಲಿಲ್ಲ. ಆ ಹತ್ತು ದಿನ ದೂರವಾಣಿಯನ್ನು ಅಟ್ಟದ ಮೇಲೆ ಇಡುವುದೆಂದು ಗೃಹಸ್ಥರು ತೀರ್ಮಾನಿಸಿದರು. ಮೊದಲ ವರುಷ ಮೂರನೆಯ ದಿನಕ್ಕೇ ಏಣಿ ಹಾಕಿದರು. ಎರಡನೆಯ ವರುಷ ಹಾಕಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಬೇರೆ ಕಡೆಯಿಂದ. ಮಗಳು ಮದುವೆಯಾಗಿ ಅಮೆರಿಕೆಯಲ್ಲಿ ನೆಲೆಸಿದಳು. ಇಂದು ಕನ್ನಡದ ಜೈನ ಮನೆಗಳಲ್ಲಿ ಇದು ಅಪೂರ್ವವೇನಲ್ಲ. ಅವಳಿಗೆ ಚೊಚ್ಚಲು ಹೆರಿಗೆ; ತಾಯಿತಂದೆ ಇಬ್ಬರೂ ಬರಬೇಕೆಂದು ಹಂಬಲ. ಇದು ಸರಣವಲ್ಲ. ಸಾಕ್ಷಾತ್ ಪ್ರಯೋಜನವುಳ್ಳ ಪ್ರಯಾಣ. ಆದರೆ ಸಮುದ್ರವು ಎಲ್ಲೆ. ಶಿಖರಜಿಯ ದಿಕ್ಕನ್ನು ಬಿಟ್ಟುಕೊಟ್ಟು ಆ ದೂರವನ್ನು ಇತ್ತ ಸೇರಿಸಿಕೊಳ್ಳಬಹುದೇ ಎಂದು ನೆಂಟರೊಬ್ಬರು ಉಪಾಯ ಹೇಳಿದರು. ಶಾಸ್ತ್ರಕ್ಕೆ ಈ ಉಪಾಯ ಹೊಸದಲ್ಲ. ಹಾಕಿಕೊಂಡ ಎಲ್ಲೆಯನ್ನು ಹಿಗ್ಗಿಸುವುದಕ್ಕೆ ಕ್ಷೇತ್ರವೃದ್ಧಿಯೆಂದು ಹೆಸರಿಟ್ಟು ಅತಿಚಾರಗಳಲ್ಲಿ ಎಣಿಸಿದೆ, ಒಂದು ಕಡೆ ಕುಗ್ಗಿಸಿದ ಮಾತ್ರಕ್ಕೆ ಇನ್ನೊಂದು ಕಡೆಯ ಹಿಗ್ಗು ಸಮವಾಗುವುದಿಲ್ಲ. ಎಲ್ಲೆಯನ್ನು ಮರೆತೆನೆಂಬ ನೆವಕ್ಕೂ ಸ್ಮೃತ್ಯಂತರಾಧಾನವೆಂಬ ಹೆಸರು ಸಿದ್ಧವಾಗಿದೆ. ದಿಗ್ವ್ರತವು ಯಾವಜ್ಜೀವದ್ದಾದುದರಿಂದ ಅವಧಿ ಮುಗಿಯುವುದನ್ನು ಕಾಯುವಂತೆಯೂ ಇಲ್ಲ.

ಇಲ್ಲಿ ನ್ಯಾಯ ಎತ್ತ ಕಡೆ ಎಂದು ಹೇಳುವುದು ಸುಲಭವಲ್ಲ. ಮಗಳ ದುಃಖಕ್ಕಿಂತ ತನ್ನ ಸಂಕಲ್ಪ ದೊಡ್ಡದೆಂದು ಎಣಿಸುವುದರಲ್ಲಿ ಅಭಿಮಾನದ ಲೇಶ ಇರಬಹುದು. ಮಾನಕಷಾಯವು ವ್ರತದ ವೇಷದಲ್ಲಿಯೂ ಬರುತ್ತದೆ. ಹಾಗೆಂದು ಪ್ರೀತಿಪಾತ್ರರು ಕರೆದಾಗಲೆಲ್ಲ ಬಿಡಬಹುದಾದ ಎಲ್ಲೆಯು ಎಲ್ಲೆಯೇ ಅಲ್ಲ. ಲೋಭವು ಯಾವಾಗಲೂ ಧನದ ರೂಪದಲ್ಲಿ ಕರೆಯುವುದಿಲ್ಲ, ಎಷ್ಟೋ ಸಲ ಮೊಮ್ಮಗುವಿನ ರೂಪದಲ್ಲಿಯೇ ಕರೆಯುತ್ತದೆ. ವ್ರತವನ್ನು ತೆಗೆದುಕೊಳ್ಳುವ ಮುಂಚೆ ಆ ಒಂದು ತಿಂಗಳಲ್ಲಿ ತೀರ್ಥಗಳನ್ನೆಲ್ಲ ಲೆಕ್ಕ ಹಾಕಿದವರು ಮಗಳನ್ನೂ ಲೆಕ್ಕ ಹಾಕಬೇಕಾಗಿತ್ತೆಂದು ಹೇಳುವವರ ಮಾತಿನಲ್ಲಿಯೂ ಸತ್ಯವಿದೆ. ಅಂದು ಅವಳು ಕಾಲೇಜಿನಲ್ಲಿ ಓದುತ್ತಿದ್ದಳು.

ಮನೆಯಾಕೆ ಹೆಚ್ಚು ಚರ್ಚಿಸಲಿಲ್ಲ. “ಎಲ್ಲೆ ಹಾಕಿಕೊಂಡವರು ನೀವು. ನಾನು ಹಾಕಿಕೊಂಡಿಲ್ಲವಲ್ಲ” ಎಂದು ಹೇಳಿ ಹೊರಡುವ ಸಿದ್ಧತೆ ನಡೆಸಿದಳು. ಸೋಸುವ ಬಟ್ಟೆ, ಬಾಣಂತಿಯ ಖಾರ, ನಾಲ್ಕು ಉಂಡೆ ಕೊಬ್ಬರಿ ಪೆಟ್ಟಿಗೆಗೆ ಸೇರಿದವು. ಅಲ್ಲಿ ಸೂರ್ಯನು ಬೇಸಿಗೆಯಲ್ಲಿ ಎಂಟು ಗಂಟೆಯ ಮೇಲೆ ಮುಳುಗುವನೆಂದು ಮಗಳು ತಿಳಿಸಿದಾಗ, ಹಾಗಾದರೆ ಅನಸ್ತಮಿತಕ್ಕೆ ತೊಂದರೆಯಿಲ್ಲವೆಂದು ಸಮಾಧಾನಪಟ್ಟಳು. ಊರನ್ನು ನೋಡಲು ಹೋಗುವವಳಲ್ಲ. ಆದರೂ ಊರು ಹೇಗಿದೆಯೆಂದು ಬರೆದಿಡಲು ಗಂಡನ ದಪ್ಪ ಪುಸ್ತಕದ ಕೊನೆಯ ಖಾಲಿ ಹಾಳೆಗಳನ್ನು ಕತ್ತರಿಸಿ ಇಟ್ಟುಕೊಂಡಳು. ಗೃಹಸ್ಥರು ಬೆಂಗಳೂರಿನ ವಿಮಾನ ನಿಲ್ದಾಣದವರೆಗೆ ಜೊತೆಗೆ ಹೋಗಿ, ಮರುದಿನ ಚತುರ್ದಶಿಯಾದುದರಿಂದ ಅಂದು ಏಕಭುಕ್ತವನ್ನಿಟ್ಟುಕೊಂಡು, ಸಂಜೆಯ ರೈಲಿಗೆ ತಿಪಟೂರಿಗೆ ಹಿಂದಿರುಗಿದರು.